ದಬ್ಬೆಯ ಕಾವಲು

ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟುವುದು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಆದರೆ ಮೂಳೆ ನೆಟ್ಟಗಿದ್ದು ನರ ಮಾತ್ರ ಕೆಟ್ಟ ಕೈಗೂ ದಬ್ಬೆ ಬೇಕಾಗುವುದೆಂಬುದು ಎಷ್ಟೋ ಮನೆಗಳಿಗೆ ತಿಳಿಯದು. ಸೈನ್ಯದ ಆಸ್ಪತ್ರೆಯೊಂದರಲ್ಲಿ ಗಾಯಾಳುಗಳ ಕೈಯನ್ನು ಮರಳಿ ಕೆಲಸಕ್ಕೆ ಹಚ್ಚುವ ಕಾರ್ಯದಲ್ಲಿದ್ದವಳಾದುದರಿಂದ, ಆ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇನೆ.

ತೋಳಿನ ಹಿಂಬದಿಯ ನರಕ್ಕೆ ಪೆಟ್ಟು ತಗುಲಿದರೆ ಮಣಿಕಟ್ಟು ಜೋತುಬೀಳುತ್ತದೆ. ನರವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರು ಮಾತ್ರ. ಅದು ಸ್ನಾಯುವನ್ನು ಮುಟ್ಟುವಷ್ಟರಲ್ಲಿ ತಿಂಗಳುಗಳು ಕಳೆಯುವುವು. ಆ ನಡುವೆ ಕೀಲು ಬಿಗಿದರೆ ನರ ಬಂದೂ ಫಲವಿಲ್ಲ. ಆದುದರಿಂದ ದಬ್ಬೆಯು ಕೈಯನ್ನು ಗುಣಪಡಿಸುವುದಿಲ್ಲ. ಗುಣವು ಬರುವವರೆಗೆ ಕಾವಲಿರುತ್ತದೆ.

ಯುದ್ಧಗಳೇ ಈ ವಿದ್ಯೆಯನ್ನು ಬೆಳೆಸಿದುವು. ಪ್ಲಾಸ್ಟರ್ ಪಟ್ಟಿಯನ್ನು 1851ರಲ್ಲಿ ಬಳಕೆಗೆ ತಂದ ಮಥೈಸನ್ ಡಚ್ ಸೈನ್ಯದ ವೈದ್ಯನು. ಈಗ ನಾವು ಬಳಸುವುದು ಪ್ಲಾಸ್ಟಿಕ್ಕಿನ ಹಲಗೆ. ಕಾಗದದ ಮೇಲೆ ಕೈಯಿರಿಸಿ ಗೆರೆಯೆಳೆದು, ಆ ಅಳತೆಗೆ ಹಲಗೆಯನ್ನು ಕತ್ತರಿಸಿ, ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಅದ್ದಿದರೆ ಅದು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವುದು. ನೀರನ್ನೊರೆಸಿ, ಬಿಸಿಯನ್ನು ಪರೀಕ್ಷಿಸಿ, ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ಮುಂಗೈಗೆ ಒತ್ತಬೇಕು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದು. ಬೆರಳು ಮಡಿಚಲು ಅಂಗೈಯ ಗೆರೆಯನ್ನು ಬಿಟ್ಟಿರಬೇಕು. ಮೂಳೆಯ ಉಬ್ಬನ್ನು ಅಂಚು ಒತ್ತಬಾರದು. ಒಬ್ಬರ ಅಳತೆ ಇನ್ನೊಬ್ಬರಿಗೆ ಒದಗದು.

ಹೊಸದುರ್ಗದ ಕಡೆಯ ಜವಾನನೊಬ್ಬನು ತನ್ನ ದಬ್ಬೆಯನ್ನು ನೋಡಿ ಕೇಳಿದ್ದು ಬಂದೂಕಿನ ಮಾತಲ್ಲ: “ಅಕ್ಕಾ, ಇನ್ನು ತೆಂಗಿನಕಾಯಿ ಸುಲಿಯೋಕಾಗ್ತದಾ?” ರಜೆಯಲ್ಲಿ ಹಿರಿಯೂರಿನ ನೆಂಟರ ಮದುವೆಗೆ ಹೋದವನು, ನಾಲ್ವರೆದುರು ನಾಚಿ ಅದನ್ನು ಬಿಚ್ಚಿ ಬಿಸಿಲಿನ ಕಲ್ಲಿನ ಮೇಲಿಟ್ಟನು. ಸಂಜೆಗೆ ದಬ್ಬೆ ಸೊಟ್ಟಗಾಗಿದ್ದಿತು. ಹೊಸದನ್ನು ಮಾಡಿಕೊಟ್ಟ ಮೇಲೆ ಕಾವಲನ್ನು ಅವನ ತಾಯಿಯೇ ವಹಿಸಿಕೊಂಡರು. ಸ್ನಾನಕ್ಕೆ ಬಿಚ್ಚಿದಾಗ ಅದು ಗೋಡೆಯ ಗೂಡಿನಲ್ಲಿ, ನೆರಳಿನಲ್ಲಿರುತ್ತಿತ್ತು. ಚರ್ಮದ ಮೇಲಿನ ಕೆಂಪು ಇಪ್ಪತ್ತು ನಿಮಿಷದೊಳಗೆ ಇಳಿಯಿತೇ ಎಂದು ಆಕೆ ದಿನವೂ ನೋಡುತ್ತಿದ್ದರು. ಇಳಿಯದಿದ್ದ ದಿನ ಮಗನನ್ನು ನಮ್ಮಲ್ಲಿಗೆ ಕಳುಹಿದರು. ಆರನೆಯ ತಿಂಗಳಲ್ಲಿ ಮಣಿಕಟ್ಟು ತಾನಾಗಿ ಮೇಲೆದ್ದಿತು.

ಎಲ್ಲರಿಗೂ ಹೀಗಾಗುವುದೆಂದು ಹೇಳಲಾರೆ. ಕತ್ತರಿಸಿಹೋದ ನರಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಆದರೆ ಕಾಯುವ ತಿಂಗಳುಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಅಲ್ಲಿ “ಅದನ್ನೇಕೆ ಕಟ್ಟಿಕೊಂಡಿರುವೆ?” ಎಂದು ಕೇಳುವವರಿಗಿಂತ, “ಕಟ್ಟಿಕೊಂಡೆಯಾ?” ಎಂದು ಕೇಳುವವರೊಬ್ಬರಿದ್ದರೆ ಅರ್ಧ ಕೈ ಉಳಿದಂತೆಯೇ.