ಹಂಬಲದ ಧ್ರುವ

ಒಮ್ಮೆ ಹಿಡಿದುದನ್ನು ಬಿಡದವನಿಗೆ ನಮ್ಮ ಜನರಲ್ಲಿ ಮೊದಲಿನಿಂದಲೂ ಮನ್ನಣೆ ಹೆಚ್ಚು. ಗಂಗೆಯನ್ನು ಇಳಿಸಿ ತಂದ ಭಗೀರಥನ ಹೆಸರು ಇಂದಿಗೂ ಪ್ರಯತ್ನವೆಂಬ ಮಾತಿಗೆ ವಿಶೇಷಣವಾಗಿ ಉಳಿದಿದೆ. ಇಂದು ಒಂದನ್ನು ಬಯಸಿ ನಾಳೆ ಇನ್ನೊಂದನ್ನು ಬಯಸುವವನಿಗಾದರೋ ಆರಂಭಶೂರ, ಚಂಚಲಚಿತ್ತ, ಎರಡು ದೋಣಿಯ ಮೇಲೆ ಕಾಲಿಟ್ಟವನು ಎಂದು ಬಿರುದುಗಳಿಗೆ ಕೊರತೆಯಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಕಂಡ ಕನಸನ್ನು ಮನುಷ್ಯನು ಎಂಬತ್ತರವರೆಗೂ ಹೊತ್ತುಕೊಂಡೇ ನಡೆಯಬೇಕೆಂದು ಯಾವ ಶಾಸ್ತ್ರವೂ ವಿಧಿಸಿದುದನ್ನು ನಾನು ಕಾಣೆ. ಆದರೂ ಅದನ್ನು ದಾರಿಯಲ್ಲಿ ಇಳಿಸಿದವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ನಾವೆಲ್ಲರೂ ನೋಡಿದ್ದೇವೆ.

ಸ್ಥಿರತೆಗೆ ಮಾದರಿಯೆಂದು ಮಕ್ಕಳಿಗೆ ಹೇಳುವ ಕಥೆ ಧ್ರುವನದು. ಅವನ ಹೆಸರಿನ ಅರ್ಥವೇ ಅಲುಗದವನೆಂದು. ಆದರೆ ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಒಂದು ಸೋಜಿಗ ಕಾಣುತ್ತದೆ. ಬಾಲಕನು ಮನೆ ಬಿಟ್ಟು ಹೊರಟಾಗ ಅವನ ಮನಸ್ಸಿನಲ್ಲಿದ್ದುದು ತಂದೆಯ ತೊಡೆ, ಮಲತಾಯಿಯ ಮಾತು, ಎಲ್ಲರಿಗಿಂತ ಮೇಲಾದ ಒಂದು ಪದವಿ. ಹರಿಯು ಎದುರಿಗೆ ಬಂದು ನಿಂತ ಬಳಿಕ ಆ ಬಯಕೆ ಅವನಿಗೇ ಅಲ್ಪವಾಗಿ ತೋರಿತೆಂದು ಭಾಗವತ ಹೇಳುತ್ತದೆ. ಅವನ ತಪಸ್ಸು ಅಲುಗಲಿಲ್ಲ, ನಿಜ. ಬಯಕೆ ಮಾತ್ರ ಬದಲಾಯಿತು. ಮುಂದೆ ಅವನು ಊರಿಗೆ ಮರಳಿ ರಾಜ್ಯವನ್ನೂ ಆಳಿದನು. ಸ್ಥಿರಚಿತ್ತರ ಪಟ್ಟಿಯಲ್ಲಿ ಮೊದಲನೆಯ ಹೆಸರೇ ಬಯಕೆ ಬದಲಿಸಿದವನದು!

ಅವನ ಹೆಸರನ್ನು ಹೊತ್ತ ನಕ್ಷತ್ರದ ಸಂಗತಿಯೂ ಹೀಗೆಯೇ. ಭೂಮಿಯ ಅಕ್ಷವು ಬುಗುರಿಯ ಮೊಳೆಯಂತೆ ಮೆಲ್ಲಮೆಲ್ಲನೆ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು ೨೬,೦೦೦ ವರ್ಷ ಬೇಕು. ಇದರಿಂದ ಆಕಾಶದ ಧ್ರುವಸ್ಥಾನವೇ ಸರಿಯುತ್ತ ಹೋಗುತ್ತದೆ. ಸುಮಾರು ೫,೦೦೦ ವರ್ಷಗಳ ಹಿಂದೆ ಆ ಪೀಠದ ಬಳಿಯಲ್ಲಿದ್ದುದು ಥೂಬನ್ ಎಂಬ ಬೇರೆ ನಕ್ಷತ್ರ. ಇನ್ನು ಸುಮಾರು ೧೨,೦೦೦ ವರ್ಷಗಳಿಗೆ ನಮ್ಮ ಅಭಿಜಿತ್ತು ಅದರ ಸಮೀಪಕ್ಕೆ ಬರುವುದು. ಈಗಿನ ಧ್ರುವನಾದರೂ ಸರಿಯಾಗಿ ಮಧ್ಯದಲ್ಲಿಲ್ಲ. ಅರ್ಧ ಅಂಶಕ್ಕಿಂತ ತುಸು ಹೆಚ್ಚಿನ ದೂರದಲ್ಲಿದ್ದಾನೆ. ಆದರೂ ಅವನನ್ನು ನೋಡಿ ಹಡಗು ನಡೆಸಿದವರು ದಡ ಸೇರಿದರು. ದಾರಿ ತೋರುವ ವಸ್ತು ಎಂದೆಂದಿಗೂ ಒಂದೇ ಆಗಿರಬೇಕಾಗಿಲ್ಲ. ನಾವು ನಡೆಯುವ ಕಾಲದಲ್ಲಿ ಅದು ದಾರಿಯನ್ನು ತೋರಿದರೆ ಸಾಕು.

ನಕ್ಷತ್ರಗಳ ಮಾತು ನನ್ನ ಲೇಖನಿಗೆ ಇಷ್ಟು ಬೇಗ ಬಂದುದಕ್ಕೆ ಕಾರಣವುಂಟು. ೧೯೭೦ರ ಸುಮಾರಿಗೆ ಬೆಂಗಳೂರಿನಲ್ಲಿ ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನನಗಿದ್ದ ಬಯಕೆ ಒಂದೇ: ಧೂಮಕೇತುವೊಂದನ್ನು ಕಂಡುಹಿಡಿಯಬೇಕು. ನಮ್ಮ ದೇಶದ ವೇಣು ಬಾಪು ಅವರು ೧೯೪೯ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗಲೇ ಒಂದು ಧೂಮಕೇತುವನ್ನು ಕಂಡು, ಅದರ ಹೆಸರಿನಲ್ಲಿ ತಮ್ಮ ಹೆಸರೂ ಸೇರುವಂತೆ ಮಾಡಿದ್ದರು. ಅವರ ಆಸ್ಥೆಯಿಂದಲೇ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವು ಬೆಳೆಯುತ್ತಿತ್ತು. ಆ ಬೆಟ್ಟದ ಮೇಲೆ ಮಂಕುದೀಪದ ಮುಂದೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತಿರುವ ನನ್ನನ್ನು ನಾನು ಎಷ್ಟು ಬಾರಿ ಕಲ್ಪಿಸಿಕೊಂಡೆನೋ! ಅಷ್ಟರಲ್ಲಿ ತಂದೆಯವರು ತೀರಿಕೊಂಡರು. ಮನೆಯಲ್ಲಿ ಮದುವೆಯಾಗಬೇಕಾದ ಇಬ್ಬರು ತಂಗಿಯರಿದ್ದರು. ದೊರೆತ ಉಪಾಧ್ಯಾಯ ವೃತ್ತಿಯನ್ನು ಹಿಡಿದು ಮಲೆನಾಡಿನ ಒಂದು ಊರಿಗೆ ಹೋದೆ. ವಿಧಿಗೂ ವಿನೋದಬುದ್ಧಿ ಇರಬೇಕು: ನಕ್ಷತ್ರಗಳನ್ನು ಬಯಸಿದವನಿಗೆ ಅದು ಕೊಟ್ಟುದು ವರ್ಷದಲ್ಲಿ ನಾಲ್ಕು ತಿಂಗಳು ಆಕಾಶವೇ ಕಾಣದ ಊರನ್ನು.

ಮೊದಲಿನ ಕೆಲವು ವರ್ಷಗಳು ಕಹಿಯಾಗಿಯೇ ಕಳೆದವು. ಆದರೆ ಮಳೆ ಹಿಂದೆಗೆದು ಆಕಾಶ ತಿಳಿಯಾದ ಕಾರ್ತಿಕದ ರಾತ್ರಿಗಳಲ್ಲಿ ಸುಮ್ಮನೆ ಕುಳಿತಿರಲಾರದೆ, ಹತ್ತಿರದ ಮನೆಗಳ ಹುಡುಗರನ್ನು ಕರೆದು ಕೃತ್ತಿಕೆಯನ್ನೂ ರೋಹಿಣಿಯನ್ನೂ ತೋರಿಸತೊಡಗಿದೆ. ಹುಡುಗರು ಹೆಚ್ಚಿದರು. ೧೯೮೬ರಲ್ಲಿ ಹ್ಯಾಲಿ ಧೂಮಕೇತು ಬಂದಿತು. ಆ ವರ್ಷದ ಜನವರಿಯಲ್ಲಿಯೇ ಕಾವಲೂರಿನಲ್ಲಿ ೨.೩ ಮೀಟರಿನ ದೊಡ್ಡ ದೂರದರ್ಶಕವು ಕೆಲಸವನ್ನಾರಂಭಿಸಿತು. ಅದಕ್ಕೆ ಅಷ್ಟರಲ್ಲಿ ದಿವಂಗತರಾಗಿದ್ದ ವೇಣು ಬಾಪು ಅವರ ಹೆಸರನ್ನಿಟ್ಟರು. ಮಾರ್ಚಿ ತಿಂಗಳ ಒಂದು ಬೆಳಗಿನ ಜಾವ ನಾನು ಶಾಲೆಯ ಬಯಲಿನಲ್ಲಿ ಕಂಬಳಿ ಹೊದ್ದ ಮಕ್ಕಳ ಸಾಲೊಂದನ್ನು ನಿಲ್ಲಿಸಿಕೊಂಡು, ಎರವಲು ತಂದ ದುರ್ಬೀನಿನಲ್ಲಿ ಆಗ್ನೇಯ ದಿಕ್ಕಿನ ಆ ಮಸುಕು ಅತಿಥಿಯನ್ನು ತೋರಿಸುತ್ತಿದ್ದೆ. “ಹಲಗೆಯ ಮೇಲೆ ಬರೆದದ್ದನ್ನು ಕೈಯಲ್ಲಿ ಒರೆಸಿದ ಹಾಗಿದೆ, ಸಾರ್” ಎಂದಳು ಒಬ್ಬ ಹುಡುಗಿ. ಯಾವ ಗ್ರಂಥದಲ್ಲಿಯೂ ಅದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಓದಿಲ್ಲ. ಮೂಡಲು ಬೆಳ್ಳಗಾಗುತ್ತಿತ್ತು. ಸಾಲಿನ ಕೊನೆಯಲ್ಲಿ ಇನ್ನೂ ಆರೇಳು ಮಕ್ಕಳಿದ್ದರು. ಅವರಿಗೆ ಕಾಣುವ ಮೊದಲೇ ಬೆಳಕು ಹರಿದುಬಿಟ್ಟೀತೆಂದು ನನಗೆ ಉಂಟಾದ ಆತಂಕವನ್ನು ಇಂದಿಗೂ ಮರೆತಿಲ್ಲ. ಎಲ್ಲರಿಗಿಂತ ಮೊದಲು ತಾನೊಬ್ಬನೇ ಕಾಣಬೇಕೆಂದಿದ್ದ ಮನಸ್ಸು ಕೊಟ್ಟಕೊನೆಯವನಿಗೂ ಕಾಣಬೇಕೆಂದು ಚಡಪಡಿಸುತ್ತಿತ್ತು. ಈ ಬದಲಾವಣೆ ಯಾವಾಗ ಆಯಿತೋ ನಾನರಿಯೆ. ಆಗಿದೆಯೆಂಬುದು ತಿಳಿದುದು ಆ ಬೆಳಗಿನ ಜಾವ.

ಈಚೆಗೆ ನನ್ನ ತಂಗಿಯ ಮಗನು ಈ ವಿಷಯವನ್ನೆತ್ತಿದನು. ಮೂರು ವರ್ಷ ಐ.ಎ.ಎಸ್. ಪರೀಕ್ಷೆಗೆಂದು ಓದಿ, ಈಗ ಊರಿನ ಅಡಕೆ ತೋಟಕ್ಕೆ ಮರಳಬೇಕೆಂದಿರುವ ಹುಡುಗ. ಮನೆಯ ಹಿರಿಯರು ಅವನನ್ನು ಸೋತು ಬಂದವನೆನ್ನುತ್ತಾರೆ. “ಮಾವ, ಕೈಗೆಟುಕದ ದ್ರಾಕ್ಷಿ ಹುಳಿಯೆಂದ ನರಿಯ ಹಾಗೆ ನಾನೂ ಆಡುತ್ತಿಲ್ಲ ತಾನೆ?” ಎಂದು ಕೇಳಿದನು. ಹುಡುಗನ ಪ್ರಶ್ನೆ ಹಗುರವಾದುದಲ್ಲ. ಬಯಕೆ ಬೆಳೆದು ಬದಲಾಗುವುದಕ್ಕೂ ಬರಿಯ ಸೋಮಾರಿತನಕ್ಕೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತೋರದು. ಒಳಗಿರುವವನಿಗೂ ಎಷ್ಟೋ ವೇಳೆ ತೋರದು.

ನನಗೆ ತಿಳಿದ ಒರೆಗಲ್ಲುಗಳು ಎರಡು. ಹಳೆಯ ಬಯಕೆಯನ್ನು ನೆನೆದಾಗ ಅದನ್ನು ಹೀಯಾಳಿಸಬೇಕೆನಿಸಿದರೆ ಅವನು ನರಿ. ಅದು ಇಂದಿಗೂ ಸಿಹಿಯೇ, ಆದರೆ ಅದು ತನ್ನದಾಗಬೇಕೆಂಬ ಹಟ ಉಳಿದಿಲ್ಲ ಎಂದು ಅನಿಸಿದರೆ ಅವನ ಮನಸ್ಸು ನಿಜವಾಗಿಯೂ ಮುಂದೆ ನಡೆದಿದೆ. ಎರಡನೆಯದು, ಕೈಯಲ್ಲಿದ್ದುದನ್ನು ಬಿಟ್ಟು ಕೈ ಬರಿದಾಗಿ ಉಳಿದರೆ ಅದು ಆಲಸ್ಯ. ಇನ್ನೊಂದು ಕೆಲಸವು ಬಂದು ಕೈ ತುಂಬಿದುದರಿಂದ ಹಿಂದಿನದು ಜಾರಿದರೆ ಅದಕ್ಕೆ ನಾಚಬೇಕಾಗಿಲ್ಲ. ಮತ್ತೊಬ್ಬರಿಗೆ ಕೊಟ್ಟ ಮಾತಿನ ವಿಚಾರ ಬೇರೆ. ಅದನ್ನು ನಡೆಸಲೇಬೇಕು. ಆದರೆ ಬಯಕೆಯೆಂಬುದು ನಾವು ಯಾರಿಗೂ ಬರೆದುಕೊಟ್ಟ ಪತ್ರವಲ್ಲವಷ್ಟೆ?

ನಮ್ಮ ನುಡಿಯ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನಗಳುಂಟು. ಕುವೆಂಪು ಅವರು ಮೊದಲು ಕವಿಯಾಗಬಯಸಿದುದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ಆ ಭಾಷೆಯ ಕವಿತೆಗಳ ಪುಸ್ತಕವನ್ನೂ ಪ್ರಕಟಿಸಿದ್ದರು. ೧೯೨೪ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದರು. ಮಾತು ಮನಸ್ಸಿಗೆ ಹಿಡಿಯಿತು. ಕವಿಯಾಗುವ ಬಯಕೆ ಉಳಿಯಿತು, ಅದರ ಹಾದಿ ಬದಲಾಯಿತು. ಕಿಟೆಲ್ ಅವರದು ಇನ್ನೊಂದು ಬಗೆ. ೧೮೫೩ರಲ್ಲಿ ಜರ್ಮನಿಯಿಂದ ಬಂದ ಅವರ ಉದ್ದೇಶ ಧರ್ಮಪ್ರಚಾರ. ಕನ್ನಡವನ್ನು ಕಲಿತುದು ಅದಕ್ಕೆ ಸಾಧನವೆಂದು. ಆ ಸಾಧನವೇ ಅವರ ಆಯುಷ್ಯದ ಬಹುಭಾಗವನ್ನು ತೆಗೆದುಕೊಂಡು ೧೮೯೪ರಲ್ಲಿ ಮಂಗಳೂರಿನಲ್ಲಿ ನಿಘಂಟಾಗಿ ಅಚ್ಚಾಯಿತು. ಇಂದು ನಾವು ಅವರನ್ನು ನೆನೆಯುವುದು ಹೊರಟಾಗಿನ ಉದ್ದೇಶಕ್ಕಾಗಿ ಅಲ್ಲ, ದಾರಿಯಲ್ಲಿ ಅವರನ್ನು ಹಿಡಿದ ಕೆಲಸಕ್ಕಾಗಿ.

ಹುಡುಗನಿಗೆ ನಾನು ಇಷ್ಟನ್ನೆಲ್ಲ ಉಪದೇಶಿಸಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಗೆಳೆಯರ ವಿಚಾರವನ್ನು ಅವನಿಂದಲೇ ಕೇಳಿ ತಿಳಿದೆ. ಅವರ ಮಾತನ್ನು ಆಡುವಾಗ ಅವನ ದನಿಯಲ್ಲಿ ಹುಳಿ ಇರಲಿಲ್ಲ. ತೋಟದ ಬಸಿಗಾಲುವೆಯ ಮಾತು ಬಂದಾಗ ಅದು ಒಮ್ಮೆಲೇ ಏರಿತು. ನನಗೆ ಅಷ್ಟು ಸಾಕಾಯಿತು. ಅವನ ತಾಯಿಗೆ ಹೇಳಬೇಕಾದುದನ್ನು ಹೇಳುವೆನೆಂದು ಮಾತು ಕೊಟ್ಟೆ, ಹೇಳಿಯೂ ಹೇಳಿದೆ.

ಹ್ಯಾಲಿ ಧೂಮಕೇತು ಮರಳುವುದು ೨೦೬೧ರಲ್ಲಿ. ಅದನ್ನು ನೋಡಲು ನಾನಿರುವುದಿಲ್ಲ. ಅಂದು ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಕೆಲವರಾದರೂ ಇದ್ದಾರು. ಎಂಬತ್ತೈದು ದಾಟಿದ ಅಜ್ಜ ಅಜ್ಜಿಯರಾಗಿ ಅಂಗಳಕ್ಕೆ ಬಂದು, ಮರಿಮಕ್ಕಳಿಗೆ ಆಕಾಶದತ್ತ ಬೆರಳು ತೋರಿಸಿಯಾರು. ಸದ್ಯಕ್ಕೆ ನನಗಿರುವ ಬಯಕೆ ಅಷ್ಟೆ. ಇದೂ ಬದಲಾಗದೆಂದು ಹೇಳಲಾರೆ.