ನಾಲ್ಕು ತಾಲ್ಲೂಕಿನಲ್ಲಿ ಒಂದು ಜಾಗತಿಕ ಸಮಸ್ಯೆ

ನಮ್ಮ ಕಾಲದಲ್ಲಿ ಭಾಷಣಕ್ಕೆ ವಿಷಯ ಹುಡುಕುವ ಕಷ್ಟವಿರಲಿಲ್ಲ. ಮೇಷ್ಟ್ರೇ ಕೊಡುತ್ತಿದ್ದರು: ಪರಿಸರ ಮಾಲಿನ್ಯ, ವರದಕ್ಷಿಣೆ, ಜನಸಂಖ್ಯಾ ಸ್ಫೋಟ. ಮೂರಕ್ಕೂ ಪೀಠಿಕೆ ಒಂದೇ, 'ವೇದಿಕೆಯ ಮೇಲೆ ಆಸೀನರಾಗಿರುವ'. ಮುಕ್ತಾಯವೂ ಒಂದೇ, 'ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ'. ನಡುವೆ ಪ್ರಪಂಚ ಮುಳುಗಿಹೋದರೂ ಸರಿಯೇ, ಸ್ಟೀಲ್ ಲೋಟದ ಬಹುಮಾನ ಖಾತ್ರಿ.

ತಂಗಿಯ ಮಗಳು ಓದುವುದು ಬೆಂಗಳೂರಿನ ಒಂದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಶಾಲೆಯಲ್ಲಿ. ಅಲ್ಲಿ ಇಂಗ್ಲಿಷ್ ಸಾಹಿತ್ಯದ ಮೌಖಿಕ ಪರೀಕ್ಷೆಗೆ ಎರಡು ಕೃತಿ ಇಟ್ಟುಕೊಂಡು 10 ನಿಮಿಷ ಮಾತಾಡಬೇಕು, ಆಮೇಲೆ 5 ನಿಮಿಷ ಟೀಚರ್ ಪ್ರಶ್ನೆ. ಒಂದು ಕೃತಿ ಮೂಲದಲ್ಲೇ ಇಂಗ್ಲಿಷಿನದು, ಇನ್ನೊಂದು ಅನುವಾದವಾಗಿ ಬಂದದ್ದು. ಒಂದೊಂದರಿಂದಲೂ 40 ಸಾಲು ಮೀರದ ಭಾಗ. ಕೈಯಲ್ಲಿ ಹಿಡಿಯುವ ಟಿಪ್ಪಣಿಯಲ್ಲಿ ಹೆಚ್ಚೆಂದರೆ 10 ಅಂಶ. ಇಷ್ಟನ್ನೂ ಕಟ್ಟಿಹಾಕುವ ಗೂಟದ ಹೆಸರು 'ಗ್ಲೋಬಲ್ ಇಶ್ಯೂ'. ಅದು ದೇಶದ ಗಡಿ ದಾಟಿದ್ದಾಗಿರಬೇಕು, ನಮ್ಮ ಬೀದಿಯ ದಿನನಿತ್ಯದಲ್ಲೂ ಕಾಣಬೇಕು, ಜೊತೆಗೆ ಎರಡೂ ಕೃತಿಗಳ ಒಳಗೇ ಸಿಗಬೇಕು. ಹೆಣ್ಣು ಹುಡುಕುವವರು ಕೂಡ ಇಷ್ಟು ಷರತ್ತು ಹಾಕುವುದಿಲ್ಲ.

ಕೃತಿಗಳು ಆಗಲೇ ಗೊತ್ತಾಗಿದ್ದವು. ಆರ್ಥರ್ ಮಿಲ್ಲರ್‌ನ 1949ರ ನಾಟಕ 'ಡೆತ್ ಆಫ್ ಎ ಸೇಲ್ಸ್‌ಮನ್' ಒಂದು. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯ ಇಂಗ್ಲಿಷ್ ಅನುವಾದ ಇನ್ನೊಂದು. ಸಿದ್ಧಲಿಂಗಯ್ಯ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ, ನಮ್ಮ ಹಳ್ಳಿಗೆ ಹತ್ತಿರವೇ. 'ಬಡತನ' ಎಂದು ಬರೆದುಕೊಂಡು ಹೋದರೆ ಟೀಚರ್ 'ತೀರಾ ಅಗಲವಾಯ್ತು' ಅಂದರಂತೆ. 'ಅಸಮಾನತೆ' ಇನ್ನೂ ಅಗಲ. 'ಕುಟುಂಬ' ಅಂದಾಗ ಅದು ಸಮಸ್ಯೆಯೇ ಅಲ್ಲ ಅಂದರಂತೆ. ಆಕೆಗೆ ಮದುವೆಯಾಗಿಲ್ಲವೆಂದು ಕಾಣುತ್ತದೆ.

ಸಂಕ್ರಾಂತಿಗೆ ಊರಿಗೆ ಬಂದವಳಿಗೆ ಒಂದು ಸಮಸ್ಯೆ ಬೇಕಂತೆ ಎಂದು ಗೊತ್ತಾದ ಮೇಲೆ ನೆಂಟರು ಸುಮ್ಮನಿರುತ್ತಾರೆಯೇ? ಚನ್ನಪಟ್ಟಣದ ದೊಡ್ಡಮ್ಮ ಬೊಂಬೆ ತೆಗೆದರು. ಹಾಲೆ ಮರ ಕಡೆದು, ಅರಗಿನ ಬಣ್ಣ ಹಿಡಿಸಿ ಇಟ್ಟರೆ, ಗಿರಾಕಿ ಅದನ್ನು ಮೂಸಿ ನೋಡಿ ಪಕ್ಕದಂಗಡಿಯ ಪ್ಲಾಸ್ಟಿಕ್ ಬೊಂಬೆ ಕೊಳ್ಳುತ್ತಾನೆ. ಕನಕಪುರದ ಭಾವನದು ಆನೆ. ಕುಯ್ಲಿಗೆ ಬಂದ ರಾಗಿ ರಾತ್ರೋರಾತ್ರಿ ಮಾಯ. "ಆಫ್ರಿಕಾದಲ್ಲೂ ಹಿಂಗೇ ಅಂತೆ, ಬರ್ಕೊ" ಅಂದರು. ನಾನು ರಾಮನಗರದ ಪರ ವಾದಿಸಿದೆ. ದನಕ್ಕೆ ಕೊಡುವ ಡೈಕ್ಲೋಫೆನಾಕ್ ನೋವಿನ ಔಷಧಿ, ಆ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು, 2012ರಲ್ಲಿ ನಮ್ಮ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು.

"ಮಾವ, ನಾಟಕದಲ್ಲಿ ಹದ್ದು ಎಲ್ಲಿದೆ?"

ಇರಲಿಲ್ಲ. ಕಥೆಯೊಳಗೆ ಜಾಗ ಸಿಗದಿರುವುದು ನಮ್ಮ ಕಡೆಯ ಬಂಡೆಗಳಿಗೂ ಹೊಸದೇನಲ್ಲ. 1975ರ 'ಶೋಲೆ'ಯಲ್ಲಿ ಅವು ರಾಮಗಢವಾದವು. ಡೇವಿಡ್ ಲೀನ್ 1984ರಲ್ಲಿ ಫಾರ್ಸ್ಟರ್‌ನ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಸಾವನದುರ್ಗ ಉತ್ತರದ ಗುಹೆಗಳ ವೇಷ ಹಾಕಿತು. ಲೋಕಕ್ಕೆಲ್ಲ ಮುಖ ತೋರಿಸಿದರೂ ಸ್ವಂತ ಹೆಸರಿನಲ್ಲಿ ಒಂದು ಪಾತ್ರ ಸಿಕ್ಕಿಲ್ಲ.

ಅಪ್ಪ ಅಲ್ಲಿಯವರೆಗೆ ಸುಮ್ಮನಿದ್ದ. "ಚೀನಾದಿಂದ ರೇಷ್ಮೆ ಬಂದ್ರೆ ರಾಮನಗರದಲ್ಲಿ ಗೂಡಿನ ರೇಟು ಬೀಳ್ತದೆ. ಗ್ಲೋಬಲ್ ಅಂದ್ರೆ ಇನ್ನೇನ್ ಮಗ?" ಅಂದ. ಅವನ ಹುಳದ ಮನೆಯಲ್ಲೀಗ ಮುರಿದ, ಗೂಡು ಕಟ್ಟಿಸುವ ಚಂದ್ರಿಕೆಗಳೂ ನನ್ನ ತಮ್ಮನ ಬೈಕೂ ಇವೆ. ಒಂದು ಕಾಲಕ್ಕೆ ಅಲ್ಲಿ ಹುಳ ಸೊಪ್ಪು ಮೇಯುವ ಸದ್ದು ಜಗಲಿಗೆ ಕೇಳುತ್ತಿತ್ತು. ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರು ರಾಶಿಯಿಂದ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಸೊಟ್ಟ ಮಾಡುತ್ತಿದ್ದ. ಆ ಸೊಟ್ಟ ಮುಖದಲ್ಲೇ ನಮ್ಮ ಎರಡು ತಿಂಗಳ ಸಂಸಾರ ತೀರ್ಮಾನವಾಗುತ್ತಿತ್ತು. ಸಾಯಂಕಾಲ ಅಪ್ಪ ಜಹಂಗೀರಿನ ಪೊಟ್ಟಣ ತರುತ್ತಿದ್ದ. ರೇಟು ಬಿದ್ದ ದಿನವೂ ಪೊಟ್ಟಣ ಬರುತ್ತಿತ್ತು. ಹಾಗಾಗಿ ರೇಟು ಬೀಳುವುದೆಂದರೇನು ಎಂದು ನಮಗೆ ಮಕ್ಕಳಿಗೆ ತಿಳಿಯುತ್ತಲೇ ಇರಲಿಲ್ಲ.

ನಾಟಕದಲ್ಲಿ ರೇಷ್ಮೆಯೂ ಇರಲಿಲ್ಲ. ಸಮಸ್ಯೆ ಹಿಡಿದುಕೊಂಡು ಪುಸ್ತಕಕ್ಕೆ ಹೋದರೆ ಹೀಗೇ ಆಗುವುದು. ಮೊದಲು ಪುಸ್ತಕ ಓದು, ಎಲ್ಲಿ ಗಂಟಲು ಕಟ್ಟುತ್ತದೋ ಅಲ್ಲಿ ನಿಲ್ಲು ಎಂದೆ. ಅವಳು ಜಗಲಿಯಲ್ಲಿ ಕೂತು ಎರಡು ಕಡೆ ನಿಂತಳು. 'ಊರುಕೇರಿ'ಯಲ್ಲಿ, ಹೊಲದಲ್ಲಿ ಇಬ್ಬರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿರುವುದನ್ನು ಹುಡುಗ ನೋಡುತ್ತಾನೆ. ಅವರಲ್ಲೊಬ್ಬ ಅವನ ಅಪ್ಪ. ಮಿಲ್ಲರ್‌ನ ನಾಟಕದಲ್ಲಿ ವ್ಯಾಪಾರ ಕುದುರದ ವಿಲ್ಲಿ ಲೋಮನ್ ನೆರೆಯವನಿಂದ ವಾರವಾರ 50 ಡಾಲರ್ ಸಾಲ ತಂದು, ಸಂಬಳವೆಂದು ಹೆಂಡತಿಯ ಕೈಗಿಡುತ್ತಾನೆ.

"ದುಡಿಯುವ ಅಪ್ಪನ ಅವಮಾನ ಮನೆಯವರ ಕಣ್ಣಿಗೆ ಬೀಳೋದು. ಇಷ್ಟು ಸಣ್ಣದು ಸಾಕಾ ಮಾವ?"

ಸಾಕಾಗಿ ಮಿಕ್ಕಿತ್ತು. ಬ್ರೂಕ್ಲಿನ್‌ಗೂ ಮಂಚನಬೆಲೆಗೂ ಇದ್ದ ವ್ಯತ್ಯಾಸವೂ ಅಲ್ಲೇ ಸಿಕ್ಕಿತು. ಸೇಲ್ಸ್‌ಮನ್ನನಿಗೆ ತನ್ನ ಅವಮಾನವನ್ನು ಮುಚ್ಚಿಡಲು ಒಂದು ಕೋಟಾದರೂ ಇತ್ತು. ಜಾತಿ ಹೊರಿಸಿದ ನೊಗ ಬಟಾಬಯಲಿನಲ್ಲಿ, ಮಗನ ಎದುರಿಗೇ. ಇದನ್ನು ಅವಳೇ ಹೇಳಿದಳು, ನಾನಲ್ಲ.

ಅಪ್ಪ ಬೀಡಿ ಆರಿಸಿದ. "ಅವನು ಸಾಲ ತರ್ತಿದ್ದದ್ದು ಹೆಂಡ್ತಿಗೆ ಗೊತ್ತಿತ್ತಾ ಮಗ?"

"ಗೊತ್ತಿತ್ತು ತಾತ. ಗೊತ್ತಿಲ್ಲದ ಹಾಗೆ ಇರ್ತಾಳೆ."

ಒಳಗೆ ಅವರೆಕಾಳು ಹಿತುಕುತ್ತಿದ್ದ ಅವ್ವನ ದನಿ ಬಂತು. "ಗೊತ್ತಿಲ್ದೆ ಏನು? ರೀಲರ್ ಹತ್ರ ಕೈಸಾಲ ಮಾಡಿ ಗೂಡಿನ ದುಡ್ಡು ಅಂತ ತಂದ್‌ಕೊಟ್ಟಾಗ ನಾನೇನ್ ಕೇಳಿದ್ನಾ?"

"ಯಾವಾಗ?" ಅಂದ ಅಪ್ಪ.

"ಯಾವಾಗ ಅಂತ ಬೇರೆ ಕೇಳ್ತಾರೆ. ಒಂದ್ ಸಲವಾ?"

ಹುಡುಗಿ ಪೆನ್ನು ಎತ್ತಿದಳು. "ಅಜ್ಜಿ, ಇದನ್ನೂ ಸೇರಿಸಿಕೊಳ್ಳಲಾ?"

"ನಮ್ದು ಹೇಳೋಕೆ ನಿನ್ ಹತ್ ನಿಮಿಷ ಎಲ್ಲಿ ಸಾಲ್ತದೆ ಬಿಡವ್ವ" ಅಂದಳು ಅವ್ವ, "ಬಾ, ಬಂದು ಕಾಳು ಹಿತುಕು."