ಕುರಿಯಿಲ್ಲದ ಮನೆಯ ಕುರಿನಾಯಿಗಳು

ಚಳಿಗಾಲದಲ್ಲಿ ಎಡಿನ್‌ಬರೋದ ಬೆಳಗಿನ ಏಳು ಗಂಟೆ ಎಂದರೆ ನಡುರಾತ್ರಿಯೇ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲರ ಹತ್ತಿರ. ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಆ ಕತ್ತಲಲ್ಲಿ ನನ್ನ ಕೋಣೆಯ ಬಾಗಿಲಿನಾಚೆ ಎರಡು ಉಸಿರು ಕೇಳಿಸುತ್ತವೆ. ಬೊಗಳುವುದಿಲ್ಲ, ಬಾಗಿಲು ಕೆರೆಯುವುದಿಲ್ಲ. ಸುಮ್ಮನೆ ನಿಂತು ದಿಟ್ಟಿಸುತ್ತವೆ. ದಿಟ್ಟಿಸಿಯೇ ಬಾಗಿಲು ತೆರೆಸಬಹುದು ಎಂದು ಈ ಬಾರ್ಡರ್ ಕೋಲಿಗಳು ನಂಬಿವೆ. ನನ್ನ ಮಟ್ಟಿಗೆ ಅದು ನಿಜವೂ ಹೌದು.

ನಾಯಿಗಳು ನನ್ನವಲ್ಲ. ಪಿಎಚ್‌ಡಿಯ ಎರಡನೇ ವರ್ಷ, ಬಾಡಿಗೆ ಕಟ್ಟಿ ಉಳಿದ ಸ್ಕಾಲರ್‌ಶಿಪ್ಪಿನಲ್ಲಿ ತಿಂಗಳು ದೂಡುವುದು ಕಷ್ಟವಾಗಿದ್ದಾಗ, ಒಂದು ಚೀಟಿ ಕಣ್ಣಿಗೆ ಬಿತ್ತು. ಕೋಣೆ ಇದೆ, ಬಾಡಿಗೆ ಕಡಿಮೆ, ದಿನಕ್ಕೆರಡು ಸಲ ನಾಯಿಗಳನ್ನು ತಿರುಗಾಡಿಸಬೇಕು. ಮನೆಯೊಡತಿಗೆ ಎಪ್ಪತ್ತು ದಾಟಿದೆ, ಮಂಡಿಯ ಆಪರೇಷನ್ ಆಗಿದೆ. ನಾಯಿ ಸಾಕಿ ಗೊತ್ತಿದೆಯೇ ಎಂದು ಕೇಳಿದರು. ನಮ್ಮಪ್ಪ ಕುರಿ ಕಾಯುತ್ತಾರೆ, ರಾಣೆಬೆನ್ನೂರಿನ ಹತ್ತಿರ ನಮ್ಮೂರು ಎಂದೆ. ರಾಣೆಬೆನ್ನೂರು ಅವರಿಗೆ ಅರ್ಥವಾಗಲಿಲ್ಲ, ಕುರಿ ಅರ್ಥವಾಯಿತು. ಅವತ್ತೇ ಕೀಲಿಕೈ ಕೊಟ್ಟರು.

ನೆಲ್‌ಗೆ ಹನ್ನೆರಡು ವರ್ಷ. ಮನೆಯೊಡತಿಯ ಅಣ್ಣ ಗಡಿಸೀಮೆಯಲ್ಲಿ ಕುರಿ ಸಾಕಿದ್ದರಂತೆ. ಅವರು ವಯಸ್ಸಾಗಿ ಕುರಿ ಬಿಟ್ಟಾಗ ಅವಳು ಇಲ್ಲಿಗೆ ಬಂದಳು. ಮಾಸ್‌ಗೆ ಎರಡು ವರ್ಷ. ಪೇಟೆಯಲ್ಲೇ ಬೆಳೆದವನು, ಕುರಿಯನ್ನು ಹತ್ತಿರದಿಂದ ಕಂಡವನೇ ಅಲ್ಲ.

ಕೀಲಿಕೈ ತೆಗೆದುಕೊಳ್ಳುವಾಗ ನಾನು ಹೇಳದೆ ಬಿಟ್ಟ ಮಾತೊಂದಿತ್ತು. ನಮ್ಮ ಕುರಿನಾಯಿಗೂ ಇವಕ್ಕೂ ಹೆಸರಷ್ಟೇ ಒಂದು, ಕೆಲಸ ಬೇರೆ. ನಮ್ಮ ಕಡೆ ಬಯಲಿನಲ್ಲಿ ಇನ್ನೂ ತೋಳಗಳಿವೆ. ಅಪ್ಪನ ಕರಿಯ ಕುರಿಗಳನ್ನು ಅಟ್ಟುವುದಿಲ್ಲ, ತಿರುಗಿಸುವುದಿಲ್ಲ. ಆ ಕೆಲಸಕ್ಕೆ ಅಪ್ಪನ ಸಿಳ್ಳೆ, ಕೋಲು ಇವೆ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ಮಲಗಿಸಿ, ಅಪ್ಪ ಕಂಬಳಿ ಹೊದ್ದು ಒರಗಿದರೆ, ಕರಿಯ ಮಂದೆಯ ಅಂಚಿನಲ್ಲಿ ಕಣ್ಣು ಬಿಟ್ಟು ಮಲಗುತ್ತದೆ. ತೋಳ ಬಂದರೆ ಎದುರು ನಿಲ್ಲಬೇಕು, ಅಷ್ಟೇ. ಬ್ರಿಟನ್ನಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ನಿರ್ನಾಮವಾದವು. ಕಾಯುವ ನಾಯಿಯ ಅಗತ್ಯ ಕಡಿಮೆಯಾಗಿ, ಗುಡ್ಡದ ತುಂಬ ಚದುರಿದ ಕುರಿಗಳನ್ನು ಒಂದೆಡೆ ಕೂಡಿಸುವ ನಾಯಿ ಬೇಕಾಯಿತು. 1893ರಲ್ಲಿ ನಾರ್ಥಂಬರ್‌ಲೆಂಡ್‌ನಲ್ಲಿ ಆಡಂ ಟೆಲ್ಫರ್ ಎಂಬ ರೈತನಲ್ಲಿ ಹುಟ್ಟಿದ ಹೆಂಪ್ ಎಂಬ ನಾಯಿ ಬೊಗಳದೆ, ಕಚ್ಚದೆ, ನೋಟದಿಂದಲೇ ಕುರಿಗಳನ್ನು ನಡೆಸುತ್ತಿತ್ತಂತೆ. ಇಂದಿನ ಬಹುಪಾಲು ಬಾರ್ಡರ್ ಕೋಲಿಗಳ ವಂಶ ಹಿಂದೆ ಹಿಂದೆ ಹೋಗಿ ಅದನ್ನೇ ಮುಟ್ಟುತ್ತದೆ. ನನ್ನ ಬಾಗಿಲನ್ನು ದಿಟ್ಟಿಸುವ ಕಣ್ಣು ಅಲ್ಲಿಂದ ಬಂದದ್ದು.

ಇಲ್ಲಿಗೆ ಬರುವ ಮೊದಲು ಚಳಿಗಾಲವೆಂದರೆ ಹಿಮ ಎಂದುಕೊಂಡಿದ್ದೆ. ಎಡಿನ್‌ಬರೋದ ಚಳಿಗಾಲ ಯಾವುದರಲ್ಲೂ ನಿಲ್ಲುವುದಿಲ್ಲ. ಸೋಮವಾರ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮಂಗಳವಾರ ಎಲ್ಲ ಕರಗಿ ಕೆಸರು. ಬುಧವಾರ ಜಿಟಿಜಿಟಿ ಮಳೆ, ಬೂದಿ ಆಕಾಶ. ಇದಕ್ಕೆ ಇಲ್ಲಿನವರು ‘ಡ್ರೀಖ್’ ಎನ್ನುತ್ತಾರೆ, ಆ ಪದ ಉಚ್ಚರಿಸಿದರೇ ನೆಗಡಿಯಾಗುವಂತಿದೆ. ಗುರುವಾರ ಮತ್ತೆ ಹೆಪ್ಪು. ನನ್ನ ಸಂಶೋಧನೆಯೂ ಇದರದ್ದೇ. ಮಣ್ಣು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಒಳಗೆ ಏನಾಗುತ್ತದೆ ಎಂದು ನೋಡುವುದು. ಮಣ್ಣಿನ ಹೆಂಟೆಗಳು ಒಳಗಿಂದ ಒಡೆಯುತ್ತವೆ. ಒಂದಷ್ಟು ಸೂಕ್ಷ್ಮಜೀವಿಗಳು ಸಾಯುತ್ತವೆ. ಕರಗಿದ ಕೂಡಲೇ ಉಳಿದವು ಸತ್ತವನ್ನು ತಿಂದು, ತಡೆದಿಟ್ಟಿದ್ದ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟಂತೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಲ್ಯಾಬಿನಲ್ಲಿ ನಾನು ಇದನ್ನು ಡಬ್ಬಿಗಳಲ್ಲಿ ಮಾಡಿಸುತ್ತೇನೆ. ನಾಯಿಗಳು ಅದನ್ನೇ ಕಾಲಲ್ಲಿ ಮೆತ್ತಿಕೊಂಡು ಅಡುಗೆಮನೆಗೆ ತರುತ್ತವೆ.

ನಮ್ಮ ದಿನದ ದಾರಿ ಬ್ಲ್ಯಾಕ್‌ಫೋರ್ಡ್ ಗುಡ್ಡದ್ದು. ಎತ್ತರ 164 ಮೀಟರ್ ಅಷ್ಟೇ, ಆದರೆ ಮೇಲೆ ನಿಂತರೆ ಒಂದು ಕಡೆ ಕೋಟೆ, ಅದರಾಚೆ ಸಮುದ್ರ, ಇನ್ನೊಂದು ಕಡೆ ಪೆಂಟ್‌ಲೆಂಡ್ ಗುಡ್ಡಸಾಲು. ಹೆಪ್ಪುಗಟ್ಟಿದ ದಿನ ರಸ್ತೆಗೆ ಉಪ್ಪು ಹಾಕುತ್ತಾರೆ. ಅದು ಪಾದದ ಬಿರುಕಿಗೆ ಇಳಿದು ಉರಿಯುವುದರಿಂದ ಮನೆಗೆ ಬಂದು ಎಂಟು ಪಾದಗಳನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು. ಹಿಮ ಬಿದ್ದರೆ ಬೆರಳುಗಳ ನಡುವೆ ಗೋಲಿಯಂತೆ ಗಂಟು ಕಟ್ಟುತ್ತದೆ, ಅದನ್ನು ಬಿಡಿಸಬೇಕು. ನೆಲ್ ಪಾದ ಕೊಟ್ಟು ಬೇರೆಲ್ಲೋ ನೋಡುತ್ತಾಳೆ, ಡಾಕ್ಟರರ ಮುಂದೆ ಕೂತ ಅಜ್ಜಿಯ ಹಾಗೆ. ಈ ಚಳಿಗಾಲ ಅವಳ ಕಿವಿ ಪೂರಾ ಹೋಯಿತು. ಕೂಗಿದರೆ ತಿರುಗುವುದಿಲ್ಲ.

ಜನವರಿ 2025ರ 23ರ ಸಂಜೆ ಮನೆಯಲ್ಲಿದ್ದ ಎರಡು ಫೋನುಗಳೂ ಒಟ್ಟಿಗೆ ಸೈರನ್ನಿನಂತೆ ಅರಚಿಕೊಂಡವು. ಮಾರನೇ ದಿನ ಈಯೊವಿನ್ ಬಿರುಗಾಳಿ, ಕೆಂಪು ಎಚ್ಚರಿಕೆ, ಹೊರಗೆ ಹೋಗಬೇಡಿ. ಮಾಸ್ ಮೇಜಿನಡಿ ಸೇರಿದ. ನೆಲ್‌ಗೆ ಏನೂ ಕೇಳಿಸಲಿಲ್ಲ. ಮರುದಿನ ರೈಲುಗಳು ನಿಂತವು, ಗಾಳಿ ಚಿಮಣಿಯೊಳಗೆ ಹೊಕ್ಕು ಊಳಿಟ್ಟಿತು. ಕೆಲಸವಿಲ್ಲದ ಬಾರ್ಡರ್ ಕೋಲಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಮಾಸ್ ಇಡೀ ದಿನ ಮನೆಯೊಡತಿಯನ್ನೂ ನನ್ನನ್ನೂ ಒಂದೇ ಕೋಣೆಗೆ ತಂದು ಕೂಡಿಸುತ್ತಿದ್ದ. ಒಬ್ಬರು ಎದ್ದರೆ ಹಿಮ್ಮಡಿಯ ಹಿಂದೆ ಬಂದು ನಿಲ್ಲುತ್ತಿದ್ದ.

ಅವ್ವ ಫೋನು ಮಾಡಿದ್ದು ಅವತ್ತೇ. ಚಳಿ ಹೆಂಗೈತಿ, ಉಂಡಿಯೇನು ಎಂದೆಲ್ಲ ಕೇಳಿ, ಕಡೆಗೆ ಹೇಳಿದಳು. “ಅಪ್ಪ ಕುರಿ ಕೊಟ್ಟಬಿಟ್ರು. ಅರವತ್ತೂ. ಮೊಳಕಾಲು ಕೇಳವಲ್ದು ಅಂದ್ರು. ನಿನಗ ಹೇಳಬ್ಯಾಡ ಅಂದಿದ್ರು.”

ಕೊಟ್ಟು ಹತ್ತು ದಿನವಾಗಿತ್ತು. ನಾನು ಏನೂ ಹೇಳಲಿಲ್ಲ. ನಾನು ಒಬ್ಬಳೇ ಮಗಳು. ಕುರಿ ಮಾರಿದ ದುಡ್ಡಿನಲ್ಲೇ ಧಾರವಾಡದಲ್ಲಿ ಓದಿದವಳು, ಹಬ್ಬಕ್ಕೆ ನಾಕು, ಫೀಜಿಗೆ ಆರು ಅಂತ. ಮಂದೆ ಮುಂದುವರಿಸುವವರು ಯಾರೂ ಇಲ್ಲದ ಹಾಗೆ ಮಾಡಿದ್ದು ನಾನೇ ಎಂಬುದನ್ನು ಯಾರೂ ನನಗೆ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ಫೆಬ್ರುವರಿಯ ಒಂದು ಭಾನುವಾರ ಹೆಪ್ಪು ಕರಗಿ ಬಿಸಿಲು ಬಿತ್ತು. ಮನೆಯೊಡತಿಗೆ ಹೇಳಿ ಇಬ್ಬರನ್ನೂ ಬಸ್ಸಿನಲ್ಲಿ ಪೆಂಟ್‌ಲೆಂಡ್ ಗುಡ್ಡಗಳ ಬುಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕುರಿಗಳು ಮೇಯುತ್ತವೆ, ನಾಯಿಗಳ ಹಗ್ಗ ಬಿಡುವಂತಿಲ್ಲ. ತಿರುವಿನಲ್ಲಿ ಬೇಲಿಯಾಚೆ ಕಪ್ಪು ಮುಖದ ಇಪ್ಪತ್ತು ಕುರಿಗಳು ಕಂಡವು. ಮಾಸ್‌ಗೆ ಏನು ಮಾಡಬೇಕೆಂದು ತಿಳಿಯದೆ ಮೈಯೆಲ್ಲ ನಡುಗಿತು. ನೆಲ್ ಮಾತ್ರ ತಲೆ ತಗ್ಗಿಸಿ, ಎರಡು ಹೆಜ್ಜೆ ಮುಂದಿಟ್ಟು, ಕೆಸರಿನಲ್ಲಿ ಹೊಟ್ಟೆ ಊರಿ ಮಲಗಿದಳು. ಕಣ್ಣು ಕುರಿಗಳ ಮೇಲೆ. ಹನ್ನೆರಡು ವರ್ಷದ ಮೈ ಬಿಲ್ಲಿನ ಹೆದೆಯಂತೆ ಬಿಗಿದಿತ್ತು.

ಐದು ನಿಮಿಷವಾಯಿತು, ಹತ್ತಾಯಿತು. ಅವಳು ಅಪ್ಪಣೆಗೆ ಕಾಯುತ್ತಿದ್ದಳು. ಇಲ್ಲಿನ ಕುರುಬರಿಗೆ ನಾಯಿಯ ಜೊತೆ ನಾಲ್ಕೈದು ಮಾತುಗಳೇ ಸಾಕು. ‘ಕಮ್ ಬೈ’ ಎಂದರೆ ಗಡಿಯಾರದ ಮುಳ್ಳಿನಂತೆ ಬಲಸುತ್ತು, ‘ಅವೇ’ ಎಂದರೆ ಎಡಸುತ್ತು. ಕೆಲಸ ಮುಗಿದಾಗ ‘ದಟ್ ವಿಲ್ ಡೂ’. ಸಾಕು, ಬಾ. ನಾನು ಹೇಳಿದೆ. ಜೋರಾಗಿ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಕೊನೆಗೆ ಕೆಸರಿನಲ್ಲಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಭುಜದ ಮೇಲೆ ಕೈಯಿಟ್ಟೆ. ಒಂದು ಉಸಿರು ದೊಡ್ಡದಾಗಿ ಬಿಟ್ಟು ನೆಲ್ ಎದ್ದಳು, ತಿರುಗಿ ನೋಡದೆ ನನ್ನ ಜೊತೆ ಇಳಿದು ಬಂದಳು.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಕುರಿ ಮಾರಿದ ಮೇಲೆ ನಾವಿಬ್ಬರೂ ಕುರಿಯ ಮಾತೆತ್ತಿರಲಿಲ್ಲ. ನಾಯಿಗಳನ್ನು ತೋರಿಸಿದೆ.

“ಚಂದ ಅದಾವ. ಕುರಿ ಎಷ್ಟ ಅದಾವ ಯವ್ವಾ ಅವ್ರ ಹತ್ರ?”

“ಒಂದೂ ಇಲ್ಲಪ್ಪ.”

“ಕುರಿ ಇಲ್ಲದ ಮನ್ಯಾಗ ಕುರಿನಾಯಿ ಯಾಕ ಬೇಕು?” ಎಂದು ನಕ್ಕರು. ನಗು ಮುಗಿದ ಮೇಲೆ ಇಬ್ಬರಿಗೂ ಅದೇ ಪ್ರಶ್ನೆ ನಮ್ಮ ಮನೆಗೂ ತಿರುಗಿದ್ದು ಗೊತ್ತಾಯಿತು. ನಾನು ಕರಿಯ ಹೇಗಿದ್ದಾನೆ ಎಂದು ಕೇಳಿದೆ.

“ರಾತ್ರಿ ದೊಡ್ಡಿ ಬಿಟ್ಟ ಬರವಲ್ದು. ಖಾಲಿ ದೊಡ್ಡಿ ಕಾಯಾಕತ್ತೈತಿ.”

ನಾನು ನೆಲ್‌ಳ ವಿಷಯ ಹೇಳಿದೆ. ಕೂಗಿದರೆ ಬರುವುದಿಲ್ಲ, ಹತ್ತಿರ ಹೋಗಿ ಕೂತು ಭುಜ ಮುಟ್ಟಬೇಕು, ಸಾಕು ಅಂತ ಅವಕ್ಕೆ ಯಾರಾದರೂ ತಿಳಿಸಬೇಕು ಎಂದೆ. ಅಪ್ಪ ಹೂಂ ಅನ್ನಲಿಲ್ಲ. ಹಿಂದಿನಿಂದ ಅವ್ವನ ದನಿ ಬಂತು.

“ಯಾರ ಕರೀಬೇಕಬೇ ಅದನ್ನ? ಇವ್ರೂ ಅಲ್ಲೇ ಮಲಗತಾರ, ಕಂಬಳಿ ಹೊತ್ಕೊಂಡು.”

ಏಪ್ರಿಲ್‌ನಲ್ಲಿ ಊರಿಗೆ ಹೋಗಲು ಹದಿನೈದು ದಿನ ರಜೆ ಕೇಳಿದ್ದೇನೆ. ಅಧ್ಯಾಯ ಮುಗಿದಿಲ್ಲ, ಮಾರ್ಗದರ್ಶಕರು ಹುಬ್ಬೇರಿಸಿದರು, ಆದರೂ ಒಪ್ಪಿದರು. ಇವತ್ತು ಬೆಳಿಗ್ಗೆ ಮತ್ತೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಾಗಿಲು ತೆರೆದಾಗ ಇಬ್ಬರೂ ನಿಂತಿದ್ದರು. ಗುಡ್ಡ ಹತ್ತುವುದು ಮಾಸ್‌ಗೆ ಮಾತ್ರ ಎಂದು ಇತ್ತೀಚೆಗೆ ತೀರ್ಮಾನವಾಗಿದೆ, ನೆಲ್‌ಗೆ ಕೆಳಗಿನ ಹೊಂಡದವರೆಗೆ ಸಾಕು. ಅವಳಿಗೆ ಅದನ್ನು ಇನ್ನೂ ಯಾರೂ ಒಪ್ಪಿಸಿಲ್ಲ. ಅಲ್ಲಿಗೆ ತಲುಪಿದಾಗ ನಾನು ಬಗ್ಗಿ ಭುಜ ಮುಟ್ಟಬೇಕು.